ದೌರೆನ್‌ನ ಸುಳ್ಳು ತೂಕ

ಅಲ್ಮಾಟಿಯ ಚಳಿಗಾಲದಲ್ಲಿ ಬೀದಿಯ ತುಂಬ ಹಿಮ, ಹಿಮದ ಮೇಲೆ ಹೊಗೆ. ಹಾಗಾಗಿ ನಮ್ಮ ಸೈಕಲ್ ಗುಂಪು ಮನೆಯೊಳಗೇ ಓಡುತ್ತದೆ. ಸೈಕಲ್ಲನ್ನು ಸ್ಟ್ಯಾಂಡಿಗೆ ಬಿಗಿದು, ಎದುರಿಗೆ ಲ್ಯಾಪ್‌ಟಾಪ್ ಇಟ್ಟು ತುಳಿದರೆ ಆಯಿತು; ಪರದೆಯ ರಸ್ತೆಯಲ್ಲಿ ಎಲ್ಲರ ಬೊಂಬೆಗಳೂ ಒಟ್ಟಿಗೆ ಸಾಗುತ್ತವೆ. ಒಟ್ಟಿಗೆ ಅಂದರೆ, ನನ್ನೊಬ್ಬಳನ್ನು ಬಿಟ್ಟು.

ಆ್ಯಪ್‌ಗೆ ಮೊದಲು ನಮ್ಮ ತೂಕ ಹೇಳಬೇಕು. ತೂಕ ಹೆಚ್ಚಿದ್ದಷ್ಟೂ ಏರಿನಲ್ಲಿ ಬೊಂಬೆ ತೆವಳುತ್ತದೆ, ಹೆಚ್ಚು ಬಲ ಹಾಕಿ ತುಳಿಯಬೇಕಾಗುತ್ತದೆ. ಗುಂಪಿನವರೆಲ್ಲ ನಾಲ್ಕೈದು ಕಿಲೋ ನುಂಗಿ ಬರೆದಿದ್ದರು. ನಾನು ನಿಜವನ್ನೇ ಬರೆದೆ. ಪರದೆಗೆ ಸುಳ್ಳು ಹೇಳಬಹುದು, ಮೊಣಕಾಲಿಗೆ ಹೇಳಲಾದೀತೇ?

ಮೊದಲ ಭಾನುವಾರವೇ ಹಿಂದೆ ಬಿದ್ದೆ. ಹೆಡ್‌ಫೋನಿನಲ್ಲಿ ಒಂದು ಮೆತ್ತನೆಯ ಗಂಡುದನಿ ಕೇಳಿತು.

“ಕಮ್ಶಾತ್ ಅವ್ರೇ, ನಾನು ದೌರೆನ್. ಹಿಂದೆ ಉಳಿದವರ ಜತೆ ಬರೋ ಸರದಿ ಇವತ್ತು ನಂದು. ನನ್ನ ಬೆನ್ನಿಗೆ ಅಂಟ್ಕೊಂಡು ಬನ್ನಿ, ಗಾಳಿ ನಾನು ತಡೀತೀನಿ.”

“ನಾನು ಅಡುಗೆಮನೇಲಿದ್ದೀನಿ. ಇಲ್ಲೆಲ್ಲಿ ಗಾಳಿ?”

“ಆ್ಯಪ್‌ಗೆ ಅದು ಗೊತ್ತಿಲ್ಲ. ಬನ್ನಿ. ತೂಕ ಎಷ್ಟು ಬರೆದಿದ್ದೀರಿ?”

“ತೊಂಬತ್ತಾರು. ನಿಜವಾದ್ದೇ.”

“ಸರಿ, ಈ ಗುಂಪಲ್ಲಿ ಒಬ್ರಾದ್ರೂ ಪ್ರಾಮಾಣಿಕರು ಸಿಕ್ಕಿದ್ರು.”

ಮುಂದಿನ ವಾರವೂ ಅವನೇ ಬಂದ. ಅದರ ಮುಂದಿನ ವಾರವೂ. ಏರು ಬಂದಾಗ ನನ್ನಷ್ಟೇ ಏದುಸಿರು ಬಿಡುತ್ತಿದ್ದ. ಇವನೂ ನನ್ನಂತೆ ದಪ್ಪಗಿನ ಆಸಾಮಿ ಎಂದುಕೊಂಡೆ. ಮುಖ ನೋಡದೆಯೇ ಆ ಏದುಸಿರನ್ನು ಪ್ರೀತಿಸತೊಡಗಿದೆ. ಅವನ ಬೊಂಬೆ ಒಮ್ಮೊಮ್ಮೆ ಹಿಂದಿರುಗಿ ನೋಡಿದರೆ ನಾನು ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ಅಮ್ಮ ಅದನ್ನು ಗಮನಿಸಿದ್ದಳು.

ನೌರುಜ್ ಹಬ್ಬ ಕಳೆದು ಹಿಮ ಕರಗಿತು. ಗುಂಪು ಮೆಡೆವುವಿನ ಬೆಟ್ಟದ ರಸ್ತೆಗೆ ನಿಜವಾಗಿಯೂ ಹೊರಟಿತು. ಬುಡದಲ್ಲಿ ನಿಂತು “ನಾನೇ ದೌರೆನ್” ಎಂದವನು ಹಂಚಿಕಡ್ಡಿಯಂತಿದ್ದ.

ನನ್ನ ಮುಖ ನೋಡಿ, ಗುಂಪು ನಡೆಸುವ ಸೌಲೆ ಅಕ್ಕ ನಕ್ಕಳು. “ನಮ್ಮೆಲ್ರಿಗಿಂತ ಇವನೇ ಫಾಸ್ಟು ಕಣೇ. ಚಳಿಗಾಲ ಪೂರ್ತಿ ಆ್ಯಪ್‌ನಲ್ಲಿ ತೊಂಬತ್ತಾರು ಕಿಲೋ ಅಂತ ಹಾಕ್ಕೊಂಡು ಒದ್ದಾಡಿದ.”

ಕನಿಕರಪಟ್ಟು ಜತೆಗೆ ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವನೂ ಅವರಲ್ಲೊಬ್ಬ ಅನ್ನಿಸಿತು. ಸೈಕಲ್ಲನ್ನು ಮನೆಯ ಕಡೆ ತಿರುಗಿಸಿದೆ. ಅವನು ಹಿಂದೆಯೇ ಬಂದು ಹ್ಯಾಂಡಲ್ ಹಿಡಿದ.

“ಪಾಪ ಅನ್ನಿಸ್ತಾ ನನ್ನ ನೋಡಿ?” ಎಂದೆ.

“ಪಾಪ ಅನ್ನಿಸಿದ್ರೆ ನನ್ನ ತೂಕದಲ್ಲೇ ಬರ್ತಿದ್ದೆ. ನೀವು ಅಷ್ಟು ಕಷ್ಟಪಡೋವಾಗ ನಾನು ಚಹಾ ಕುಡೀತಾ ಪೆಡಲ್ ತಿರುಗಿಸ್ಬಹುದಿತ್ತು. ಹಾಗೆ ಪಕ್ಕದಲ್ಲಿರೋದು ಜತೆಗಿದ್ದ ಹಾಗಲ್ಲ.” ಅವನು ರಸ್ತೆ ನೋಡುತ್ತ ದನಿ ತಗ್ಗಿಸಿದ. “ಆ ಸರದಿ ನಂದಾಗಿದ್ದು ಮೊದಲನೇ ವಾರ ಮಾತ್ರ. ಆಮೇಲೆ ನಾನೇ ಯಾರಿಗೂ ಬಿಟ್ಕೊಡ್ಲಿಲ್ಲ.”

ನಾನು ಸೈಕಲ್ಲನ್ನು ಮತ್ತೆ ಬೆಟ್ಟದ ಕಡೆ ತಿರುಗಿಸಿದೆ. ಗುಂಪು ಆಗಲೇ ತಿರುವು ದಾಟಿತ್ತು.

“ನೀವು ಹೋಗಿ, ನಾನು ನಿಧಾನಕ್ಕೆ ಬರ್ತೀನಿ.”

“ಇವತ್ತಿನ ಗಾಳಿ ನಿಜವಾದ್ದು,” ಎಂದು ಅವನು ನನ್ನ ಮುಂದೆ ಬಂದ. ಅಷ್ಟು ನಿಧಾನಕ್ಕೆ ತುಳಿದು ಅಭ್ಯಾಸವಿಲ್ಲದೆ ಎರಡು ಸಲ ಬೀಳುವುದರಲ್ಲಿದ್ದ. ನನಗೆ ನಗು ತಡೆಯಲಾಗಲಿಲ್ಲ.

ಮೇಲೆ ತಲುಪಿ, ಉಸಿರು ಸರಿಹೋದ ಮೇಲೆ ಹೇಳಿದೆ: “ಆ ತೊಂಬತ್ತಾರನ್ನ ಅಳಿಸ್ಬೇಡ.”

“ಸುಳ್ಳಲ್ವಾ ಅದು?”

“ನಿಜ ಮಾಡೋಣ. ಭಾನುವಾರ ಮನೆಗೆ ಊಟಕ್ಕೆ ಬಾ. ನಮ್ಮಮ್ಮನ ಕೈಯಲ್ಲಿ ತಿಂದವರು ಯಾರೂ ತೆಳ್ಳಗೆ ಉಳಿದಿಲ್ಲ. ಸಾಕ್ಷಿ ನಾನೇ ಇದ್ದೀನಿ.”

ಅವನ ಕಿವಿ ಕೆಂಪಾಯಿತು. “ಅಮ್ಮನ ಮುಂದೆ ಕೂರಿಸಿ ಊಟಕ್ಕೆ ಹಾಕೋದು ಅಂದ್ರೆ, ಕಮ್ಶಾತ್…”

“ಹೂಂ, ಅದೇ,” ಎಂದೆ. “ಹಸ್ಕೊಂಡು ಬಾ.”