ಮಾಮಾ ಅನಬ್ಯಾಡ

ಜಬೀನ ಬೆಳಗಿನ ರೊಟ್ಟಿ ತಟ್ಟುತ್ತಿದ್ದಳು. ಹಂಚಿನ ಮೇಲಿನದು ಇನ್ನೇನು ಉಬ್ಬಬೇಕು, ಬಾಗಿಲಲ್ಲಿ ಯಾರೋ ಕೆಮ್ಮಿದರು.

“ಚಾಚಿ, ಅದೀರೇನ್ರಿ?”

ಹಿಟ್ಟಿನ ಕೈ ನಿಂತುಹೋಯಿತು. ಯೂಸುಫ! ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ರಬ್ಬರ್ ಕೇಳುವ ನೆಪ ಮಾಡಿ ಮಾತಾಡಿಸುತ್ತಿದ್ದವನು. ಆಮೇಲೆ ಅವಳು ಓದು ಬಿಟ್ಟು ಮದುವೆಯಾದಳು. ಗಂಡನನ್ನು ಕಳೆದುಕೊಂಡು, ಮಗಳನ್ನೆತ್ತಿಕೊಂಡು ಗಜೇಂದ್ರಗಡದ ತವರಿಗೆ ಬಂದು ಮಗ್ಗಕ್ಕೆ ಕೂತಳು. ಅವನು ಈಗ ಅದೇ ಕಾಲೇಜಿನಲ್ಲಿ ರಿಸರ್ಚ್ ಮಾಡುತ್ತಿದ್ದ.

ತಾಯಿ ಮಾಸುಮಬಿ ಮೊಣಕಾಲು ಒತ್ತಿಕೊಳ್ಳುತ್ತ ಮಗ್ಗದಿಂದ ಎದ್ದಳು. “ನಾಜಮೀನ, ಮಾಮಾಗ ನೀರ ಕೊಡು.”

ಪುಟ್ಟ ನಾಜಮೀನ ತಂಬಿಗೆ ಹಿಡಿದು ಬಂದಳು. “ತಗೊ, ಮಾಮಾ.”

“ನನಗ ಮಾಮಾ ಅನಬ್ಯಾಡವಾ,” ಎಂದ ಯೂಸುಫ, ಮೆಲ್ಲಗೆ.

ಜಬೀನಳ ಮುಖ ಬಿಗಿಯಿತು. “ಯಾಕ? ರಿಸರ್ಚ್ ಮಾಡೋರಿಗೆ ನೇಕಾರ್ರ ಮನಿ ಬಳಗ ಬ್ಯಾಡೇನು?”

ಅವನ ಕಿವಿ ಕೆಂಪಾದವು. ಏನೋ ಹೇಳಹೊರಟವನು ಬಂದ ಕೆಲಸವನ್ನಷ್ಟೇ ಹೇಳಿದ. ತಾಯಿಯ ಮೊಣಕಾಲಿಗಾಗಿ ಜಬೀನ ಓದುವಾಗ ಚಿತ್ರ ಬಿಡಿಸಿದ್ದ ಹಗುರ ಪೆಡಲಿನ ಮಗ್ಗವನ್ನು ಕಾಲೇಜು ಈಗ ಮಾಡಿನೋಡಲಿದೆ. ಓದು ಅರ್ಧಕ್ಕೆ ಬಿಟ್ಟವರ ಫೀಸು, ಹಾಸ್ಟೆಲ್ಲಿಗೆಂದು ಹಳೇ ವಿದ್ಯಾರ್ಥಿಗಳು ನಿಧಿ ಕೂಡಿಸಿದ್ದಾರೆ.

“ದಾನ ನನಗ ಬ್ಯಾಡ.”

“ದಾನ ಅಲ್ಲ. ಅವರೂ ಯಾರದೋ ಆಸರಕ್ಕ ಓದಿದವರು. ನಾಳೆ ನೀನೂ ಕೊಡಾಕಿ. ಆ ಪೆಡಲ್ ನನಗ ಮಾಡಾಕ ಬರೂದಿಲ್ಲ, ಜಬೀನ. ನೀ ಬೇಕು.”

ಅವಳು ಕಣ್ಣೆತ್ತಿದಳು. “ಏನ ನೋಡ್ತಿ?”

“ಗಲ್ಲಕ್ಕ ಹಿಟ್ಟ ಹತ್ತೇತಿ.”

“ಹತ್ತಲಿ!”

ಅವನು ಸಪ್ಪೆ ಮುಖ ಮಾಡಿಕೊಂಡು ಹೊರಟುಹೋದ. ಮಾಸುಮಬಿ ಹಣೆ ಬಡಿದುಕೊಂಡಳು. “ಹುಚ್ಚಿ! ಕೂಸಿಗೆ ಮಾಮಾ ಅಂದ್ರ ನಿನಗ ಏನಾದ? ಅಣ್ಣ! ಆಂವಗ ನಿನ್ನ ಅಣ್ಣ ಆಗೂದು ಬ್ಯಾಡಾಗೇತಿ.”

ಹಂಚಿನ ರೊಟ್ಟಿ ಹೊತ್ತಿದ ವಾಸನೆ ಬಂತು. ಜಬೀನ ಅದನ್ನು ಬಿಟ್ಟು, ತಲೆ ಮೇಲೆ ಸೆರಗು ಎಳೆದುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದಳು.

“ನಾ ಕಾಲೇಜಿಗೆ ಬರ್ತೀನಿ,” ಎಂದಳು ಏದುಸಿರಿನಲ್ಲಿ, ಬಸ್ಸಿಗೆ ಕಾಯುತ್ತಿದ್ದ ಯೂಸುಫನಿಗೆ. “ಆದ್ರ, ಡಿಗ್ರಿ ಕೈಗೆ ಬರೂತನಕ ಬ್ಯಾರೆ ಮಾತ ತೆಗೀಬಾರದು.”

“ತೆಗ್ಯೂದಿಲ್ಲ. ನಿನ್ನ ನೋಡೂದರ ನಡೀತೇತೇನು?”

“ಲಗೂ ಬಸ್ ಹತ್ತು!” ಎಂದವಳ ತುಟಿಯಂಚು ಮಾತು ಕೇಳದೆ ನಕ್ಕಿತು.

ಜಬೀನ ಹಟ ಹಿಡಿದು ಓದಿದಳು. ಮಗಳು ಅಜ್ಜಿಯ ಬಳಿ ಉಳಿದಳು. ವಾರಕ್ಕೊಮ್ಮೆ ಬಂದವಳು ಮರಳಿ ಬಸ್ ಹತ್ತುವಾಗ ಹಿಂದಿರುಗಿ ನೋಡುತ್ತಿರಲಿಲ್ಲ, ನೋಡಿದರೆ ಇಳಿದುಬಿಡುತ್ತಿದ್ದಳು. ಮಗ್ಗದ ಅಳತೆಗೆಂದು ಯೂಸುಫ ಬಂದಾಗಲೆಲ್ಲ ನಾಜಮೀನ ಅವನನ್ನು ಏನೆಂದೂ ಕರೆಯದೆ, ಬರೀ ಅಂಗಿ ಜಗ್ಗುತ್ತಿದ್ದಳು. ನಾಲಿಗೆಯ ತುದಿಗೆ ಏನೋ ಬರುತ್ತಿತ್ತು, ಅಜ್ಜಿ ಕಣ್ಣು ಕೆಕ್ಕರಿಸಿದರೆ ಮತ್ತೆ ಒಳಗೆ ಹೋಗುತ್ತಿತ್ತು.

ಜಬೀನ ಪಾಸಾದ ಸುದ್ದಿ ಬಂದ ದಿನ, ಕಾಲೇಜಿನ ವರ್ಕ್‌ಶಾಪಿನಲ್ಲಿ ಮಾಸುಮಬಿ ಹೊಸ ಮಗ್ಗಕ್ಕೆ ಕೂತಳು. ಹತ್ತಿಯ ಮೇಲೆ ಕಾಲಿಟ್ಟಷ್ಟು ಹಗುರಾಗಿ ಪೆಡಲು ಇಳಿಯಿತು. ಅವಳ ಕೈ ಮೊಣಕಾಲಿಗೆ ಹೋಗಲೇ ಇಲ್ಲ.

ಯೂಸುಫ ಮಾತು ಉಳಿಸಿಕೊಂಡಿದ್ದ. ಇವತ್ತೂ ಬಿಗಿಯಾಗಿದ್ದ ನಟ್ಟನ್ನೇ ಮತ್ತೆ ಬಿಗಿಯುತ್ತಿದ್ದ. ಬೆಳಗಿನಿಂದ ಮಾತು ಕೂಡಿಸಿಟ್ಟುಕೊಂಡಿದ್ದ ಜಬೀನಳೂ ಒರೆಸಿದ ಮಗ್ಗದ ಚೌಕಟ್ಟನ್ನೇ ಸೆರಗಿನಿಂದ ಮತ್ತೆ ಒರೆಸುತ್ತಿದ್ದಳು.

ನಾಜಮೀನ ಒಂದು ಕೈಯಲ್ಲಿ ತಾಯಿಯ ಬೆರಳು ಹಿಡಿದಳು, ಇನ್ನೊಂದರಲ್ಲಿ ಅವನದು. ಈ ಸಲ ಅಜ್ಜಿಯತ್ತ ನೋಡಲಿಲ್ಲ.

“ಅಮ್ಮೀ, ಮಾಮಾ ಅನಬಾರದು ಅಂದ್ರ, ಇವರಿಗೆ ಅಬ್ಬಾ ಅನ್ನಲೇನು?”