ಪದ್ಮಲೆಯ ಬಿಗಿಗುಪ್ಪಸ

ನಮ್ಮ ಅಜ್ಜನ ಅಜ್ಜನೂ ಹುಟ್ಟದ ಕಾಲದಲ್ಲಿ, ಏಳು ಬೆಟ್ಟಗಳಾಚೆ ಬೆಳ್ಮುಗಿಲೂರು ಎಂಬ ರಾಜ್ಯವಿತ್ತು. ಅಲ್ಲಿ ಪಟ್ಟಕ್ಕೇರುವವಳು ರಾಜ್ಯ ಕಟ್ಟಿದ ಮೂಲರಾಣಿಯ ಕುಪ್ಪಸ ತೊಟ್ಟೇ ಸಿಂಹಾಸನ ಹತ್ತಬೇಕು. ಬಿದಿರ ಕಡ್ಡಿಗಳನ್ನು ಒಳಗಿಟ್ಟು ಹೊಲಿದ ಬಿಗಿಗುಪ್ಪಸ ಅದು.

ರಾಜಕುಮಾರಿ ಪದ್ಮಲೆಯ ಪಟ್ಟಾಭಿಷೇಕಕ್ಕೆ ಮೂರೇ ದಿನ ಉಳಿದಿತ್ತು. ಸಿಂಹಾಸನದ ಮೇಲೆ ಕಣ್ಣಿಟ್ಟಿದ್ದ ಮಂತ್ರವಾದಿ ಧೂಮಾಕ್ಷ ಆ ಕುಪ್ಪಸಕ್ಕೆ ಬೂದಿ ಊದಿದ. “ಬಟ್ಟೆಗೂ ಮೈಗೂ ನಡುವೆ ಟೊಳ್ಳು ಕಂಡಲ್ಲಿ ಬಿಗಿ! ಮೂರನೆಯ ಸಲ ಬಿಗಿದಾಗ ಉಸಿರು ನಿಲ್ಲಲಿ!” ಎಂದು ಸಭೆಯ ನಡುವೆಯೇ ಕೂಗಿ ಹೊರಟುಹೋದ.

ಸಿಂಪಿಗರ ನೀಲವ್ವನಿಗೆ ಕರೆ ಹೋಯಿತು. ಅರಮನೆಯವರ ಮೈ ಮುಟ್ಟಿ ಅಳೆಯುವಂತಿಲ್ಲ, ಮೂಲರಾಣಿಯ ಕಲ್ಲುಬೊಂಬೆಯನ್ನೇ ಅಳೆಯಬೇಕು ಎಂಬುದು ಅಲ್ಲಿನ ಪದ್ಧತಿ. ನೀಲವ್ವ ಬೊಂಬೆಯನ್ನು ಅಳೆದು, ಟೊಳ್ಳು ಉಳಿಯದಂತೆ ಕುಪ್ಪಸದೊಳಗೆ ಬೂರುಗದ ಅರಳೆ ತುಂಬಿದಳು. ಪದ್ಮಲೆ ತೊಟ್ಟಳು. ಕುಪ್ಪಸ ಒಂದು ಬೆರಳು ಬಿಗಿಯಿತು.

ಎರಡನೆಯ ದಿನ ನೀಲವ್ವ ಪದ್ಧತಿಯನ್ನು ಗಾಳಿಗೆ ತೂರಿ ರಾಜಕುಮಾರಿಯನ್ನೇ ಅಳೆದಳು. ಪದ್ಮಲೆ ಕಂಬದಂತೆ ನೆಟ್ಟಗೆ, ಉಸಿರು ಬಿಗಿಹಿಡಿದು ನಿಂತಿದ್ದಳು. ನೀಲವ್ವ ಎರಡೂ ಪಕ್ಕಕ್ಕೆ ಸಮನಾಗಿ ಅರಳೆ ಇಟ್ಟಳು. ತೊಟ್ಟಾಗ ಚೆನ್ನಾಗಿಯೇ ಕೂತಿತು. ಉಸಿರು ಬಿಟ್ಟದ್ದೇ ತಡ, ಕುಪ್ಪಸ ಎರಡು ಬೆರಳು ಬಿಗಿದು ಪಕ್ಕೆಲುಬು ನೋಯಿಸಿತು.

ನಾಳೆ ತಪ್ಪಿದರೆ ಹುಡುಗಿಯ ಜೀವವೇ ಹೋಗುತ್ತದೆ. ಮೂರನೆಯ ದಿನ ಬೆಳಿಗ್ಗೆ ನೀಲವ್ವ ದಾಸಿಯರನ್ನೆಲ್ಲ ಹೊರಗಟ್ಟಿ ಬಾಗಿಲು ಹಾಕಿದಳು.

“ತಾಯಿ, ಯಾರೂ ಇಲ್ಲದಾಗ ಹೆಂಗ ಕೂಡ್ತೀರಿ, ಹಂಗ ಕೂಡ್ರಿ.”

ಪದ್ಮಲೆ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ ಕೂತಳು. ಬೆನ್ನು ಎಡಕ್ಕೆ ವಾಲಿತು, ಭುಜ ಇಳಿಯಿತು.

“ಹುಟ್ಟಿದಾಗಿನಿಂದ ಹೀಗೇ ನೀಲವ್ವ. ಯಾರಿಗೂ ತೋರಿಸಬೇಡ ಅಂದಿದ್ದರು ಅಮ್ಮ,” ಎಂದು ಅತ್ತಳು.

ನೀಲವ್ವ ಸೆರಗಿನಿಂದ ಅವಳ ಕಣ್ಣೊರೆಸಿದಳು. “ಸೊಟ್ಟ ಮೈಗೆ ಸೊಟ್ಟ ಹೊಲಿಗೀನ ಸರಿ, ನಮ್ಮವ್ವ. ನೆಟ್ಟಗ ಹೊಲಿದದ್ದು ನನ್ನ ತಪ್ಪು.”

ಎಡಪಕ್ಕೆಗೆ ಮೂರು ಪದರ ಅರಳೆ ಇಟ್ಟಳು, ಬಲಕ್ಕೆ ಒಂದೆಳೆಯೂ ಇಲ್ಲ. ಬೆನ್ನು ಬಾಗಿದಲ್ಲಿ ಬಿದಿರ ಕಡ್ಡಿಯನ್ನು ಬಿಸಿ ಮಾಡಿ ಅದೇ ಬಾಗಿಗೆ ಬಗ್ಗಿಸಿದಳು. ಹುಡುಗಿ ಅತ್ತಾಗ ಒಮ್ಮೆ, ಬಿಕ್ಕಿದಾಗ ಒಮ್ಮೆ, ಸಮಾಧಾನವಾದಾಗ ಇನ್ನೊಮ್ಮೆ, ತೊಡಿಸದೆ ಮೈಗೆ ಹಿಡಿದೇ ಅಳತೆ ನೋಡಿದಳು.

ಮಧ್ಯಾಹ್ನ ತುಂಬಿದ ಸಭೆಗೆ ಪದ್ಮಲೆ ವಾಲಿಕೊಂಡೇ ನಡೆದು ಬಂದಳು. ಜನ ಪಿಸುಗುಟ್ಟಿದರು. ಅವಳು ಹಾಗೆಯೇ ಸಿಂಹಾಸನದಲ್ಲಿ ಕೂತಳು. ಕುಪ್ಪಸ ಅಲುಗಲಿಲ್ಲ. ಅವಳ ಕೊನೆ ನೋಡಲೆಂದೇ ಸಭೆಗೆ ಬಂದಿದ್ದ ಧೂಮಾಕ್ಷ ರೇಗಿ ಮತ್ತೊಂದು ಹಿಡಿ ಬೂದಿ ಊದಿದ. ಬೂದಿ ಅವಳ ಸುತ್ತ ತಡಕಾಡಿ, ಎಲ್ಲೂ ಟೊಳ್ಳು ಸಿಗದೆ, ಊದಿದವನ ಕಡೆಗೇ ತಿರುಗಿತು. ಅಲ್ಲಿ ಬೇಕಾದಷ್ಟು ಟೊಳ್ಳಿತ್ತು! ಅವನ ನಿಲುವಂಗಿ ಬಿಗಿಯುತ್ತಾ ಹೋಯಿತು. ಅಗಲ ಎದೆಯಿಂದ ಒಳಗೆ ತುರುಕಿಕೊಂಡಿದ್ದ ಹುಲ್ಲು ಉದುರಿತು, ದಪ್ಪ ತೋಳುಗಳಿಂದ ಚಿಂದಿ ಉದುರಿತು. ಕೊನೆಗೆ ಮೊಣಕಾಲೆತ್ತರದ ಮುದುಕನೊಬ್ಬ ಉಳಿದ. ಅಂಗಿ ಬಿಟ್ಟು ಓಡಿದವನು ಇವತ್ತಿಗೂ ಸಿಕ್ಕಿಲ್ಲ.

ಪದ್ಮಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆ ಹುಡುಗಿ ನಕ್ಕದ್ದನ್ನು ಅರಮನೆಯವರು ಕಂಡದ್ದು ಅದೇ ಮೊದಲು. ನೀಲವ್ವ ಮಾತ್ರ ಹೊಲಿಗೆಯನ್ನೇ ನೋಡುತ್ತಿದ್ದಳು. ಒಂದು ದಾರವೂ ಹರಿಯಲಿಲ್ಲ.

ಆಮೇಲೆ ರಾಣಿ ಬಹಳ ಕಾಲ ಆಳಿದಳು, ಊರೂ ತಣ್ಣಗಿತ್ತು.