ವೈಸಿನಲ್ಲಿ ಉಳಿದ ಸರಳು

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಪಾಪಮ್ಮ ಟೀ ಫ್ಲಾಸ್ಕ್ ಹಿಡಿದು ನಾರಾಯಣಪ್ಪನವರ ಕುಲುಮೆಗೆ ಕಾಲಿಟ್ಟಳು. ಮರುಕ್ಷಣವೇ ಕಿರುಚಿಕೊಂಡು ಬೀದಿಗೆ ಓಡಿಬಂದಳು. ಫ್ಲಾಸ್ಕ್ ಮೋರಿಗೆ ಬಿತ್ತು.

ಕಾಮಾಕ್ಷಿಪಾಳ್ಯದ ಆ ಗಲ್ಲಿಯಲ್ಲಿ ಲೇತ್ ಮಷೀನುಗಳ ಗದ್ದಲಕ್ಕೆ ಪಕ್ಕದವರು ಕೂಗಿದ್ದೂ ಕೇಳಿಸುವುದಿಲ್ಲ. ಆದರೆ ಪಾಪಮ್ಮನ ಗಂಟಲು ಅಂಥಿಂಥದ್ದಲ್ಲ. ಐದು ನಿಮಿಷದಲ್ಲಿ ಜನ ಸೇರಿದರು. ಇಪ್ಪತ್ತು ನಿಮಿಷದಲ್ಲಿ ಸಬ್ ಇನ್ಸ್‌ಪೆಕ್ಟರ್ ಶಿವರಂಜನಿ ಬಂದಳು.

ನಾರಾಯಣಪ್ಪನವರು ಬೋರಲಾಗಿ ಬಿದ್ದಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಕಟ್ಟುಮಸ್ತಾದ ಮೈ. ತಲೆಯ ಹಿಂಭಾಗ ಒಡೆದಿತ್ತು. ಅವರದೇ ಸುತ್ತಿಗೆ ಪಕ್ಕದಲ್ಲಿ ಬಿದ್ದಿತ್ತು, ಹಿಡಿಯನ್ನು ಯಾರೋ ಬಟ್ಟೆಯಿಂದ ಒರೆಸಿದ್ದರು. ಕುಲುಮೆಯಲ್ಲಿ ಕೆಂಡ ಇನ್ನೂ ಬೆಚ್ಚಗಿತ್ತು. ಹಿಂದಿನ ಗಲ್ಲಿಯ ಬಾಗಿಲು ಸೆಕೆಗೆಂದು ತೆರೆದಿತ್ತು. ಮೇಜಿಗೆ ಬಿಗಿದ ಇಕ್ಕಳದಂಥ ವೈಸಿನಲ್ಲಿ ಒಂದು ಚೌಕ ಸರಳು ಕಚ್ಚಿಕೊಂಡು ನಿಂತಿತ್ತು. ಅರ್ಧದವರೆಗೆ ಜಡೆ ಹೆಣೆದ ಹಾಗೆ ಚೆಂದವಾಗಿ ತಿರುಚಿಕೊಂಡಿತ್ತು. ಆಚೆ ತುದಿಯಲ್ಲಿ ತಿರುಚುವ ಹಿಡಿಕೆ ಹಾಗೇ ಸಿಕ್ಕಿಕೊಂಡಿತ್ತು.

"ಕೆಲಸ ಮಾಡ್ತಾ ಇದ್ದಾಗಲೇ ಹೊಡೆದಿದಾರೆ ಪಾಪಿಗಳು," ಎಂದ ಪಕ್ಕದ ಫ್ಯಾಬ್ರಿಕೇಷನ್ ಅಂಗಡಿಯ ಆನಂದ್. ನಲವತ್ತರ ಆಸುಪಾಸಿನ ಆಸಾಮಿ. ಕಣ್ಣು ಒದ್ದೆಯಾಗಿತ್ತು. "ನಾನು ಒಂದೂ ಐವತ್ತಕ್ಕೆ ಬಸವೇಶ್ವರನಗರಕ್ಕೆ ಹೊರಟೆ ಮೇಡಂ. ಆಗಿನ್ನೂ ಈ ಸರಳನ್ನ ಬೆಂಕಿಗೆ ಇಡ್ತಾ ಇದ್ರು. 'ಊಟ ಆಯ್ತಾ ಆಚಾರ್ರೇ?' ಅಂದೆ. ಕೈ ಎತ್ತಿದ್ರು."

"ಇಷ್ಟು ತಿರುಚೋಕೆ ಎಷ್ಟು ಹೊತ್ತು ಬೇಕು?"

"ಅವರದು ನಿಧಾನ. ಅರ್ಧ ಗಂಟೆ ಅಂತೂ ಬೇಕು."

ಶಿವರಂಜನಿ ವೈಸಿನ ಸುತ್ತ ಎರಡು ಸಲ ಸುತ್ತಿದಳು. ಅವಳಿಗೆ ನಿಂತಲ್ಲಿ ನಿಲ್ಲುವ ಜಾಯಮಾನವೇ ಇಲ್ಲ. ವೈಸಿನ ಕೆಳಗಿನ ನೆಲ ನೋಡಿದಳು. ಕನ್ನಡಿಯ ಹಾಗಿತ್ತು, ಒಂದು ಕಡ್ಡಿ ಕಸವಿಲ್ಲ. ಕುಲುಮೆಯಲ್ಲಿ ಇಷ್ಟು ಸ್ವಚ್ಛ ನೆಲವೇ ಎಂದು ಒಂದು ಗಳಿಗೆ ಅನ್ನಿಸಿತು.

"ದಿನಾ ಒಂದು ಗಂಟೆಗೆ ಗುಡಿಸಿ ನೀರು ಚಿಮುಕಿಸಿನೇ ಊಟಕ್ಕೆ ಕೂರೋರು ಕಣಮ್ಮ," ಎಂದಳು ಪಾಪಮ್ಮ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. "ಇಂಥ ಶಿಸ್ತಿನ ಮನುಷ್ಯನ್ನ ಕೊಂದ್ರಲ್ಲ, ಅವರ ಕೈ ಸೇದಿಹೋಗ!"

\* \* \*

ಎದುರಿನ ದಿನಸಿ ಅಂಗಡಿಯ ಕ್ಯಾಮೆರಾ ಬೀದಿಯನ್ನೆಲ್ಲ ನೋಡುತ್ತಿತ್ತು. ಒಂದೂ ಕಾಲಿಗೆ ನಾರಾಯಣಪ್ಪನವರ ಜೊತೆಗಾರ ಕಲ್ಮೇಶ್ ಊಟಕ್ಕೆ ಹೊರಟ. ಹನ್ನೆರಡು ವರ್ಷದಿಂದ ಅವರ ಕುಲುಮೆಯಲ್ಲಿ ಸುತ್ತಿಗೆ ಬೀಸುತ್ತಿದ್ದವನು. ಒಂದೂ ಐವತ್ತಕ್ಕೆ ಆನಂದ್ ಸ್ಕೂಟರ್ ಹತ್ತಿ ಹೋದ. ಎರಡೂ ಇಪ್ಪತ್ತೈದಕ್ಕೆ ಕಲ್ಮೇಶ್ ವಾಪಸ್ ಬಂದು ಒಳಗೆ ಹೋದ. ಎರಡೇ ನಿಮಿಷ. ಆಮೇಲೆ ದೆವ್ವ ಬಡಿದವನಂತೆ ಓಡಿದ. ಬೇರೊಂದು ನರಪಿಳ್ಳೆ ಬೀದಿ ಬಾಗಿಲು ದಾಟಿರಲಿಲ್ಲ.

ಜಾಗದ ಮಾಲೀಕ ಚಿಕ್ಕಮುನಿಯಪ್ಪನ ಮೇಲೂ ಅನುಮಾನ ಬಂತು. ಕುಲುಮೆ ಎಬ್ಬಿಸಿ ನಾಲ್ಕು ಅಂತಸ್ತು ಕಟ್ಟುತ್ತೇನೆಂದು ಹೋದ ವಾರವಷ್ಟೇ ಕೂಗಾಡಿದ್ದ. ಶಿವರಂಜನಿ ಅವನನ್ನು ಹುಡುಕಿಕೊಂಡು ಹೋದಳು. ಮನುಷ್ಯ ಬೆಳಗ್ಗೆಯಿಂದ ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ, ಪೊರೆ ಆಪರೇಷನ್ ಆಗಿತ್ತು. "ನಾನು ಬೈದಿದ್ದು ನಿಜ ಕಣಮ್ಮ, ಆದ್ರೆ ಅವನ ಹೆಣ ನೋಡೋ ಆಸೆ ನಂಗಿರ್ಲಿಲ್ಲ," ಎಂದು ಗೋಡೆಯ ಕಡೆ ತಿರುಗಿ ಅತ್ತುಬಿಟ್ಟ.

ಸಂಜೆ ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿ ಕಲ್ಮೇಶ್ ಸಿಕ್ಕಿಬಿದ್ದ. ಇನ್ಸ್‌ಪೆಕ್ಟರ್ ಗಿರಿರಾಜ್ ಖುಷಿಯಾಗಿ ಕುರ್ಚಿಗೆ ಒರಗಿದರು.

"ಬೆಳಗ್ಗೆ ಬೀದಿಯವರೆಲ್ಲ ಕೇಳೋ ಹಾಗೆ ಮುದುಕನ ಜೊತೆ ಜಗಳ. ಮಧ್ಯಾಹ್ನ ಕೊಲೆ. ಓಡಿಹೋಗಿದ್ದು ಕ್ಯಾಮೆರಾದಲ್ಲಿದೆ. ಇನ್ನೇನು ಬೇಕು ಶಿವರಂಜನಿ? ನಾಳೆ ಸಂಜೆ ಐದಕ್ಕೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ, ಜೈಲಿಗೆ ಕಳಿಸಿ, ಮನೆಗೆ ಹೋಗಿ ಮಲಗಿ."

ಠಾಣೆಯ ಮೆಟ್ಟಿಲ ಮೇಲೆ ಕಲ್ಮೇಶನ ಹೆಂಡತಿ ಲತಾ ಕೂತಿದ್ದಳು. ಶಿವರಂಜನಿಯನ್ನು ಕಂಡವಳೇ ಎದ್ದು ಅಡ್ಡ ನಿಂತಳು.

"ಮೇಡಂ, ಆಚಾರ್ರಿಗೆ ಹೆಂಡತಿ ಮಕ್ಕಳು ಯಾರೂ ಇಲ್ಲ. ಅವರಿಗೆ ಅಂತ ಇರೋದು ಇವರೊಬ್ಬರೇ. ಇವರನ್ನ ಒಳಗೆ ಹಾಕಿದ್ರೆ ಅವರ ಬಾಯಿಗೆ ಅಕ್ಕಿಕಾಳು ಹಾಕೋರು ಯಾರು? ದಿಕ್ಕಿಲ್ಲದ ಹೆಣ ಅಂತ ಸುಟ್ಟುಬಿಡ್ತಾರೆ. ಕೊಂದೋನು ಅನ್ನೋ ಹೆಸರು ಹೊತ್ಕೊಂಡು ಇವರು ಬದುಕಲ್ಲ ಮೇಡಂ, ನಂಗೊತ್ತು."

ಶಿವರಂಜನಿ ಬೈಕ್ ಹತ್ತಿದಳು. ಮನೆಯಲ್ಲಿ ತಟ್ಟೆ ಪಕ್ಕಕ್ಕೆ ಸರಿಸಿ, ಫೋನಿನಲ್ಲಿದ್ದ ವೈಸಿನ ಫೋಟೊವನ್ನೇ ಮತ್ತೆ ಮತ್ತೆ ನೋಡಿದಳು.

\* \* \*

ಭಾನುವಾರ ಬೆಳಗ್ಗೆ ಏಳಕ್ಕೇ ಠಾಣೆಗೆ ಬಂದು ಆ ಸರಳನ್ನು ಲಾಕಪ್ಪಿಗೆ ತಂದಳು. ಕಲ್ಮೇಶ್ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಊದಿಕೊಂಡಿತ್ತು.

"ಯಾಕೆ ಓಡಿದೆ?"

"ಹೆದರಿಕೆ ಆಯ್ತು ಮೇಡಂ. ಆನಂದಣ್ಣನ ಅಂಗಡಿಗೆ ಸೇರ್ಕೊತೀನಿ, ಅಲ್ಲಿ ಮಷೀನಿದೆ, ರೆಟ್ಟೆ ಬೀಳಲ್ಲ ಅಂತ ಬೆಳಗ್ಗೆ ಹೇಳ್ದೆ. ಆಚಾರ್ರು ಕೆಂಡಾಮಂಡಲ ಆದ್ರು. ನಾನೂ ಬಾಯಿಗೆ ಬಂದ ಹಾಗೆ ಅಂದೆ. ವಾಪಸ್ ಬಂದು ನೋಡಿದ್ರೆ ರಕ್ತದಲ್ಲಿ ಬಿದ್ದಿದಾರೆ. ಎಲ್ಲರೂ ನನ್ನ ತಲೆಗೇ ಕಟ್ತಾರೆ ಅಂತ ಕಾಲು ತಾನಾಗೇ ಓಡ್ತು."

"ನಿನ್ನೆ ಏನು ಕೆಲಸ ನಡೀತಿತ್ತು?"

"ಬ್ಯಾಡರಹಳ್ಳಿ ಕಡೆ ಒಂದು ದೇವಸ್ಥಾನದ ಬಾಗಿಲು. ಎರಡು ಕದ. ಎಡಗಡೆ ಕದದ ಎಂಟು ಸರಳು ಮುಗಿದಿತ್ತು. ಬಲಗಡೇದು ಐದಾಗಿ ಮೂರು ಬಾಕಿ."

ಅವಳು ಸರಳನ್ನು ಅವನ ಕೈಗಿಟ್ಟಳು. ಅವನು ಬೆರಳಾಡಿಸಿದ. ಹುಬ್ಬು ಗಂಟಾಯಿತು.

"ಇದು ಎಲ್ಲಿತ್ತು?"

"ನಿಮ್ಮ ವೈಸಿನಲ್ಲೇ. ಆಚಾರ್ರು ಸಾಯೋ ಮುಂಚೆ ತಿರುಚ್ತಾ ಇದ್ದಿದ್ದು."

"ಸುಳ್ಳು! ಇದು ಆಚಾರ್ರು ಮುಟ್ಟಿದ್ದೇ ಅಲ್ಲ."

ಹೆಗಲ ಮೇಲಿದ್ದ ಟವೆಲನ್ನು ಎಳೆದು ಎರಡೂ ಕೈಯಲ್ಲಿ ಹಿಡಿದ. ಕಲಿಸುವ ಮೇಷ್ಟ್ರ ಹಾಗೆ ದನಿ ಏರಿತು.

"ನೋಡಿ, ಸರಳನ್ನ ಕೆಂಪಗೆ ಕಾಯಿಸ್ಬೇಕು. ಒಂದು ತುದಿ ವೈಸಿಗೆ, ಇನ್ನೊಂದು ತುದೀಗೆ ಹಿಡಿಕೆ. ಸುತ್ತಬೇಕು. ಹೆಚ್ಚು ಕಾದ ಕಡೆ ಬೇಗ ತಿರುಚ್ಕೊಳ್ಳುತ್ತೆ, ಅಲ್ಲಿಗೆ ಚೊಂಬಿಂದ ನೀರು ಸಣ್ಣಗೆ ಬಿಡ್ಬೇಕು. ಆಗ ಅದು ಗಟ್ಟಿಯಾಗಿ ನಿಲ್ಲುತ್ತೆ, ಪಕ್ಕದ್ದು ತಿರುಗುತ್ತೆ. ಸುತ್ತುವಾಗ ಮೈಮೇಲಿನ ಕಪ್ಪು ಹೊಟ್ಟು ಚಟಪಟ ಅಂತ ನೆಲಕ್ಕೆ ಉದುರುತ್ತೆ. ಈ ಸರಳಿನ ಹಳೇ ಚರ್ಮ ಹಾಗೇ ಇದೆ. ಇದು ಬೆಂಕೀನೇ ಕಂಡಿಲ್ಲ. ತಣ್ಣಗಿರುವಾಗಲೇ ಮಷೀನಲ್ಲಿ ತಿರುಚಿದ್ದು."

ಶಿವರಂಜನಿಗೆ ಥಟ್ಟನೆ ನೆನಪಾಯಿತು. ಗುಡಿಸಿದ ನೆಲ! ಊಟದ ಮುಂಚೆ ಗುಡಿಸಿದ್ದು ಹಾಗೇ ಇತ್ತು. ಊಟದ ನಂತರ ಒಂದು ಚೂರು ಹೊಟ್ಟೂ ಅಲ್ಲಿ ಉದುರಿರಲಿಲ್ಲ.

"ಇನ್ನೊಂದು," ಎಂದ ಕಲ್ಮೇಶ್. "ಎಡಗದದ ಸರಳು ಬಲಕ್ಕೆ ಸುತ್ತಿದ್ರೆ, ಬಲಗದದ್ದು ಎಡಕ್ಕೆ ಸುತ್ತಬೇಕು. ಎರಡು ಕದ ಒಂದಕ್ಕೊಂದು ಮುಖ ನೋಡ್ಬೇಕು, ಅದು ಆಚಾರ್ರ ಹಟ. ನಿನ್ನೆ ಎಡಸುತ್ತಿನ ಕೆಲಸ. ಇದು ಬಲಸುತ್ತು."

ಹೊರಗೆ ಬಂದಾಗ ಗಿರಿರಾಜ್ ಬಾಗಿಲಲ್ಲೇ ನಿಂತಿದ್ದರು, ಎಲ್ಲವೂ ಅವರ ಕಿವಿಗೆ ಬಿದ್ದಿತ್ತು.

"ಆರೋಪಿ ಹೇಳಿದ್ದನ್ನ ನಂಬ್ಕೊಂಡು ಕುಣೀಬೇಡಿ. ತಪ್ಪಿಸ್ಕೊಳ್ಳೋಕೆ ಏನು ಬೇಕಾದ್ರೂ ಹೇಳ್ತಾನೆ."

"ಐದು ಗಂಟೆವರೆಗೆ ಟೈಮಿದೆಯಲ್ಲ ಸಾರ್."

ಅವರು ಗೊಣಗಿದ್ದು ಕೇಳುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.

\* \* \*

ಆನಂದ್ ಶನಿವಾರ ಎರಡು ಗಂಟೆಗೆ ಹೋಗಿದ್ದು ಬಸವೇಶ್ವರನಗರದ ಬಸವರಾಜೇಶ್ವರಿಯವರ ಮನೆಗೆ. ನಿವೃತ್ತ ಶಾಲಾ ಶಿಕ್ಷಕಿ. ಠಾಣೆಯವರು ಕೊಲೆಯ ಮಾತೆತ್ತದೆ ಫೋನಿನಲ್ಲಿ ಕೇಳಿ, ಹೌದೆಂದು ಬರೆದುಕೊಂಡು ಕೈತೊಳೆದುಕೊಂಡಿದ್ದರು. ಶಿವರಂಜನಿ ಮನೆಯ ಮುಂದೆ ಬೈಕ್ ನಿಲ್ಲಿಸಿ ಗೇಟಿಗೆ ಕೈಹಾಕಿದಳು, ಕೈ ಅಲ್ಲೇ ನಿಂತಿತು.

ಹೊಸ ಗೇಟು. ಎರಡು ಕದ. ಎರಡರಲ್ಲೂ ಸರಳುಗಳು ಒಂದೇ ಕಡೆಗೆ ಸುತ್ತಿದ್ದವು.

"ನೋಡ್ರಿ, ಎಷ್ಟು ಚಂದ ಐತಿ," ಎಂದರು ಬಸವರಾಜೇಶ್ವರಿ, ಬಾಗಿಲು ತೆರೆಯುತ್ತಲೇ. "ನಾರಾಯಣಪ್ಪನವರ ಕೈಕೆಲಸ. ಆನಂದ್ ಅವರೇ ಮಾಡಿಸಿಕೊಟ್ಟರು."

"ನಾರಾಯಣಪ್ಪನವರು ಇದನ್ನ ನೋಡಿದಾರಾ?"

"ಗುರುವಾರ ಈ ಕಡೆ ಬಂದಾಗ ನೋಡಿದ್ರಂತ. ನಿನ್ನೆ ಬೆಳಿಗ್ಗೆ ಅವರೇ ಫೋನ್ ಮಾಡಿ, ಸಂಜೀಕ ಬರ್ತೀನಿ, ನಿಮ್ಮ ಗೇಟಿನ ವಿಷಯ ಮಾತಾಡೋದೈತಿ ಅಂದ್ರು. ಯಾಕೋ ದನಿ ಬಿರುಸಿತ್ತು. ನಾನು ಗಾಬರಿಯಾಗಿ ಹನ್ನೆರಡೂವರೆಗೆ ಆನಂದ್‌ಗೆ ಕೇಳಿದೆ. ಅವರು, ಏನೂ ಇಲ್ಲ, ನಾನೇ ಎರಡಕ್ಕ ಬರ್ತೀನಿ ಅಂದ್ರು."

ಈ ಒಳ್ಳೆಯ ಹೆಂಗಸು ತಿಳಿಯದೇ ಮಾಡಿದ ಒಂದು ಕರೆ ಆನಂದನನ್ನು ಎಚ್ಚರಿಸಿತ್ತು. ಅದನ್ನು ಅವರಿಗೆ ಈಗಲೇ ಹೇಳುವ ಧೈರ್ಯ ಶಿವರಂಜನಿಗೆ ಬರಲಿಲ್ಲ.

\* \* \*

ಮೂರೂವರೆ. ಆನಂದನ ಅಂಗಡಿಯಲ್ಲಿ ಗಿರಿರಾಜ್ ಮೊಗ ಸಿಂಡರಿಸಿಕೊಂಡು ನಿಂತಿದ್ದರು. ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ ಕಲ್ಮೇಶ್. ಮೂಲೆಯಲ್ಲಿ ತಿರುಚುವ ಮಷೀನು, ಗೋಡೆಗೆ ಒರಗಿಸಿದ ಐವತ್ತು ಅರವತ್ತು ಸರಳು.

"ಆನಂದ್, ಆಚಾರ್ರು ಯಾವ ಕದಕ್ಕೆ ಸರಳು ಮಾಡ್ತಾ ಇದ್ರು?"

"ಬಲಗಡೇದು ಮೇಡಂ. ಗೊತ್ತಲ್ಲ ನಂಗೆ, ಪಕ್ಕದಲ್ಲೇ ಇರೋನು."

ಅವಳು ವೈಸಿನ ಸರಳನ್ನು, ಬಲಗದಕ್ಕೆ ಮುಗಿದಿದ್ದ ಐದರಲ್ಲಿ ಒಂದನ್ನು ಪಕ್ಕಪಕ್ಕ ಇಟ್ಟಳು.

"ಇವೆರಡೂ ಒಂದೇ ಕದಕ್ಕೆ ಆಗುತ್ತಾ?"

ಆನಂದ್ ನೋಡಿದ. ಮತ್ತೆ ನೋಡಿದ. ಇಷ್ಟು ವರ್ಷ ಸಾವಿರಾರು ಸರಳು ಮಾರಿದವನ ಕಣ್ಣಿಗೆ ಸುತ್ತಿನ ಎಡಬಲ ಬಿದ್ದಿದ್ದು ಅವತ್ತೇ ಮೊದಲು.

"ಉಲ್ಟಾ ಇಟ್ರೆ ಸರಿಹೋಗುತ್ತೆ ಬಿಡಿ."

"ಇಟ್ಟು ತೋರಿಸಿ."

ಆನಂದ್ ಸರಳನ್ನು ತಲೆಕೆಳಗು ಮಾಡಿದ. ಸುತ್ತು ಅದೇ ಕಡೆಗಿತ್ತು. ಇನ್ನೊಮ್ಮೆ ತಿರುಗಿಸಿದ. ಅದೇ. ಕಲ್ಮೇಶ್ ತಡೆಯಲಾರದೆ, "ಹೆಂಗೆ ತಿರುಗಿಸಿದ್ರೂ ಅದು ಬದಲಾಗಲ್ಲ ಆನಂದಣ್ಣ, ಹಗ್ಗದ ಹುರಿ ಇದ್ದ ಹಾಗೆ," ಎಂದ.

ಶಿವರಂಜನಿ ಗೋಡೆಗೆ ಒರಗಿದ್ದ ಸರಳುಗಳನ್ನು ತೋರಿಸಿದಳು. ಎಲ್ಲವೂ ಬಲಸುತ್ತು.

"ಸಾರ್, ಈ ಮಷೀನ್ ಸುತ್ತೋದು ಒಂದೇ ಕಡೆಗೆ. ಬಸವರಾಜೇಶ್ವರಿಯವರ ಗೇಟಿನಲ್ಲೂ ಇದೇ ಸುತ್ತು. ಮಷೀನ್ ಸರಳನ್ನ ಆಚಾರ್ರ ಕೈಕೆಲಸ ಅಂತ ಅವರ ಹೆಸರು ಹೇಳಿ ಮಾರ್ತಾ ಇದ್ದಿದ್ದು ಇವನು. ಆಚಾರ್ರು ಅದನ್ನ ಕಂಡುಹಿಡಿದ್ರು, ನಿನ್ನೆ ಸಂಜೆ ಹೋಗಿ ಹೇಳೋದರಲ್ಲಿದ್ರು. ಹನ್ನೆರಡೂವರೆಗೆ ಇವನಿಗೆ ಗೊತ್ತಾಯ್ತು. ಕಲ್ಮೇಶ್ ಊಟಕ್ಕೆ ಹೋದ ಮೇಲೆ ಹಿಂದಿನ ಗಲ್ಲಿಯಿಂದ ಕುಲುಮೆಗೆ ಹೋದ. ಸೆಕೆಗೆ ಆ ಬಾಗಿಲು ತೆರೆದೇ ಇರುತ್ತೆ, ಅಲ್ಲಿ ಕ್ಯಾಮೆರಾ ಇಲ್ಲ. ಹೊಡೆದ. ಆಮೇಲೆ ಅಂಗಡಿಯಿಂದ ತಿರುಚಿದ ಸರಳು ತಂದು ವೈಸಿಗೆ ಕಚ್ಚಿಸಿ, ಒಂದೂ ಐವತ್ತಕ್ಕೆ ಎಲ್ಲರಿಗೂ ಕಾಣೋ ಹಾಗೆ ಹೊರಟ. ಸರಳು ನೋಡಿದವರು ಆಚಾರ್ರು ಎರಡೂ ಇಪ್ಪತ್ತರವರೆಗೆ ಬದುಕಿದ್ರು ಅಂದ್ಕೋಬೇಕು. ಅಷ್ಟು ಹೊತ್ತಿಗೆ ಇವನು ಬಸವೇಶ್ವರನಗರದಲ್ಲಿ."

"ಕಲ್ಮೇಶೇ ಇಟ್ಟಿದ್ದರೆ?" ಎಂದರು ಗಿರಿರಾಜ್, ಆದರೆ ದನಿಯಲ್ಲಿ ಹಳೆಯ ಜೋರಿರಲಿಲ್ಲ.

"ಕಲ್ಮೇಶ್ ಬಂದಿದ್ದೇ ಎರಡೂ ಇಪ್ಪತ್ತೈದಕ್ಕೆ. ಸಾವಿನ ಹೊತ್ತು ತಡವಾದಷ್ಟೂ ಅವನಿಗೇ ಕುತ್ತು. ಮತ್ತೆ ಅವನಿಟ್ಟಿದ್ದರೆ ಎಡಸುತ್ತಿನ ಸರಳೇ ಇಡ್ತಿದ್ದ ಸಾರ್. ಹನ್ನೆರಡು ವರ್ಷ ಬೈಸ್ಕೊಂಡು ಕಲಿತವನು, ಇಂಥ ತಪ್ಪು ನಿದ್ದೆಯಲ್ಲೂ ಮಾಡಲ್ಲ."

"ಬರೀ ಮಾತು!" ಆನಂದ್ ಕೂಗಿದ. "ಇದು ನನ್ನ ಅಂಗಡೀದೇ ಅಂತ ಏನು ಸಾಕ್ಷಿ?"

ಶಿವರಂಜನಿ ಹೇಳಿದ್ದಂತೆ ಗುಜರಿ ರಾಶಿ ಕೆದಕುತ್ತಿದ್ದ ಇನ್ನೊಬ್ಬ ಪೇದೆ ಗೇಣುದ್ದದ ತುಂಡೊಂದನ್ನು ಎತ್ತಿ ಕೊಟ್ಟ. ಸರಳನ್ನು ಅಳತೆಗೆ ತರಲು ಆನಂದ್ ಒಂದು ತುದಿ ಕತ್ತರಿಸಿದ್ದ, ಅವಸರಕ್ಕೆ ಕಟಿಂಗ್ ಓರೆಯಾಗಿತ್ತು. ಶಿವರಂಜನಿ ತುಂಡನ್ನು ಸರಳಿಗೆ ಹಚ್ಚಿದಳು. ಒಂದು ಕೂದಲೆಳೆಯೂ ಆಚೀಚೆಯಾಗದೆ ಕೂತಿತು. ತುಂಡಿನ ಕೊನೆಯಲ್ಲಿ ಮಷೀನಿನ ಹಲ್ಲು ಕಚ್ಚಿದ ಗುರುತೂ ಇತ್ತು.

ಆನಂದ್ ಕಬ್ಬಿಣದ ಸ್ಟೂಲಿನ ಮೇಲೆ ಕುಸಿದ.

"ಕೈಮುಗಿದು ಕೇಳ್ಕೊಂಡೆ ಮೇಡಂ. ಹೇಳ್ಬೇಡಿ ಆಚಾರ್ರೇ, ನನ್ನ ಹೆಸರು ಹಾಳಾಗುತ್ತೆ ಅಂತ. 'ನನ್ನ ಹೆಸರು ಹಾಳು ಮಾಡಿದ್ಯಲ್ಲೋ' ಅಂತ ಬೆನ್ನು ತಿರುಗಿಸಿದ್ರು. ಸುತ್ತಿಗೆ ಕೈಗೆ ಸಿಕ್ತು." ಗೋಡೆಗೆ ಒರಗಿದ್ದ ಸರಳುಗಳ ಕಡೆ ನೋಡಿ, "ತಿರುಚಿದ್ದು ತಿರುಚಿದ್ದೇ ಅಲ್ವಾ? ಯಾವ ಕಡೆಗೆ ಅಂತ ಯಾರು ನೋಡ್ತಾರೆ?" ಎಂದ.

ಗಿರಿರಾಜ್ ತಾವೇ ಮುಂದೆ ಬಂದು ಕಲ್ಮೇಶನ ಕೈಕೋಳ ತೆಗೆದರು.

\* \* \*

ಶವಾಗಾರದ ಗುಮಾಸ್ತ ಮುನಿರಾಜು ಭಾನುವಾರವೂ ರಜೆ ಸಿಗದ ಸಿಟ್ಟಿನಲ್ಲಿದ್ದ. ಕಲ್ಮೇಶ್ ಮುಂದೆ ನಿಂತಿದ್ದ, ಹಿಂದೆ ಲತಾ. ಶಿವರಂಜನಿ ಬಾಗಿಲ ಬಳಿ ಅತ್ತಿಂದಿತ್ತ ಓಡಾಡುತ್ತಿದ್ದಳು.

"ಹೆಸರು ಬರ್ದಾಯ್ತು. ಸತ್ತವರು ನಿನಗೆ ಏನಾಗಬೇಕು?"

ಕಲ್ಮೇಶ್ ಲತಾಳ ಕಡೆ ತಿರುಗಿ ನೋಡಿದ.

"ಬೇಗ ಹೇಳಪ್ಪ. ಸಂಬಂಧ ಬರೀದೆ ಬಾಡಿ ಕೊಡಲ್ಲ."

"ನಿನ್ನೆ ಬೆಳಗ್ಗೆ ಅವರ ಹತ್ರ ಜಗಳ ಆಡಿದ್ದೆ ಸಾರ್," ಎಂದ ಕಲ್ಮೇಶ್. "ಬಿಟ್ಟುಹೋಗ್ತೀನಿ ಅಂದೆ. ನಿಮ್ಮ ಹಳೇ ಕಾಲದ ಬುದ್ಧಿ ಕಟ್ಕೊಂಡು ನೀವೇ ಸಾಯಿರಿ ಅಂದೆ. ಹೋಗೋ, ಹೋಗಿ ಬದುಕ್ಕೋ ಹೋಗು ಅಂದ್ರು. ಮಧ್ಯಾಹ್ನ ನಾನು ಹೊರಟಾಗ ಮಾತ್ರ ಊಟ ಮಾಡ್ಕೊಂಡು ಬಾ ಅಂತ ಕೂಗಿದ್ರು. ನಾನು ತಿರುಗೂ ನೋಡ್ಲಿಲ್ಲ."

ಮುನಿರಾಜು ಪೆನ್ನು ಹಿಡಿದು ಅವನನ್ನೇ ನೋಡಿದ. ದಿನಾ ಹೆಣ ನೋಡುವ ಮನುಷ್ಯ, ಸುಲಭಕ್ಕೆ ಕರಗುವವನಲ್ಲ. ಪುಸ್ತಕದ ಕಡೆ ಬಗ್ಗಿದ.

"ಮಗ ಅಂತ ಬರ್ಕೊಂಡಿದೀನಿ," ಎಂದ. "ಇಲ್ಲಿ ಸೈನ್ ಹಾಕು."